ಹಲ್ಲು ಹುಳುಕಾಗೋದನ್ನ ತಡೆಯೋಕೆ ಲೋಳೆ ಪದರ ದಿನಾ ಒಡೀರಿ: ಮನೇಲಿ ಮಾಡ್ಬೇಕಾದ ಹಂತಗಳು

ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ಆ ಕಡೆ ಪಾವಗಡ ಮಧುಗಿರಿವರೆಗೂ ಹಲ್ಲಿನ ವಿಷ್ಯ ಬಂದ್ರೆ ಜನ ಎರಡು ಬೇರೆ ಬೇರೆ ತೊಂದ್ರೆನ ಒಂದೇ ಅಂದ್ಕೊಂಡು ಮಾತಾಡ್ತಾರೆ. ಒಂದು, ಬೋರ್‌ವೆಲ್ ನೀರಲ್ಲಿ ಜಾಸ್ತಿ ಇರೋ ಫ್ಲೋರೈಡ್‌ನಿಂದ ಬರೋ ಬಿಳಿ ಪಟ್ಟೆ, ಕಂದು ಕಲೆ. ಇನ್ನೊಂದು ಹುಳುಕು, ಅಂದ್ರೆ ಹಲ್ಲಲ್ಲಿ ತೂತು ಬಿದ್ದು ಕೊನೆಗೆ ನರದವರ್ಗೂ ಹೋಗೋದು. ಎರಡಕ್ಕೂ "ಹಲ್ಲು ಕೆಟ್ಟೋಗೈತೆ" ಅಂತಾರೆ, ಎರಡಕ್ಕೂ ನೀರನ್ನೇ ಬೈತಾರೆ. ನೀರಿನ ತಪ್ಪು ಇರೋದು ಮೊದಲ್ನೇದ್ರಲ್ಲಿ. ಹುಳುಕು ಮಾಡೋದು ನಮ್ಮ ಬಾಯಲ್ಲೇ ಇರೋ ಬ್ಯಾಕ್ಟೀರಿಯಾ, ಅದೂ ಒಂಟಿಯಾಗಿ ಓಡಾಡ್ಕೊಂಡಿರೋದಲ್ಲ, ಹಲ್ಲಿಗೆ ಅಂಟ್ಕೊಂಡು ಗುಂಪುಗುಂಪಾಗಿ ಕಟ್ಟೋ ಲೋಳೆ ಪದರ. ವಿಜ್ಞಾನದಲ್ಲಿ ಇದನ್ನ ಬಯೋಫಿಲ್ಮ್ ಅಂತಾರೆ, ಹಲ್ಲಿನ ಡಾಕ್ಟ್ರು ಪ್ಲಾಕ್ ಅಂತಾರೆ.

ನಾನು ಕೋಲಾರ ಜಿಲ್ಲೆಯ ಒಂದು ಡಿಗ್ರಿ ಕಾಲೇಜಲ್ಲಿ ಮೈಕ್ರೋಬಯಾಲಜಿ ಪಾಠ ಮಾಡ್ತೀನಿ. ಗ್ರಾಮ್ ಸ್ಟೈನ್, ಅಂದ್ರೆ ಬ್ಯಾಕ್ಟೀರಿಯಾಗೆ ಬಣ್ಣ ಹಾಕಿ ಮೈಕ್ರೋಸ್ಕೋಪಲ್ಲಿ ನೋಡೋ ವಿಧಾನ, ಕಲ್ಸೋವಾಗ ಮಕ್ಕಳಿಗೆ ಅವರವರ ಹಲ್ಲಿನ ಬುಡದಿಂದಾನೇ ಚೂರು ಕೆರೆದು ಸ್ಲೈಡ್ ಮಾಡಿಸ್ತೀವಿ, ನೇರಳೆ ಬಣ್ಣದ ಗುಂಡುಗುಂಡು ಕೋಶಗಳ ಸರಪಳಿ, ನಡುವೆ ಗುಲಾಬಿ ಬಣ್ಣದ ಕಡ್ಡಿ ಆಕಾರದವು, ಉದ್ದುದ್ದ ದಾರದಂಥವು, ಎಲ್ಲಾ ಒಂದರ ಮೇಲೊಂದು. ನೋಡಿದ ತಕ್ಷಣ ಎಲ್ರೂ ಕೇಳೋದು ಒಂದೇ, "ಇವನ್ನ ಹೆಂಗೆ ಸಾಯ್ಸೋದು ಮೇಡಂ?" ಅಂತ. ಸಾಯ್ಸೋಕೆ ಹೋಗೋದೇ ಬೇಡ, ಪೂರ್ತಿ ಸಾಯ್ಸೋಕೆ ಆಗೋದೂ ಇಲ್ಲ, ಅದರ ಅಗತ್ಯಾನೂ ಇಲ್ಲ. ಆ ಪದರನ ದಿನಾ ಒಡೀಬೇಕು, ಅದಕ್ಕೆ ಸಕ್ಕರೆ ಸಿಗೋ ಸಲಗಳನ್ನ ಕಡ್ಮೆ ಮಾಡ್ಬೇಕು. ಇಷ್ಟು ಮಾಡೋದು ಹೆಂಗೆ ಅನ್ನೋದನ್ನ ಒಂದೊಂದಾಗಿ ಬರೀತೀನಿ, ಯಾಕೆ ಅನ್ನೋದನ್ನೂ ಜೊತೆಗೇ ಹೇಳ್ತೀನಿ, ಯಾಕಂದ್ರೆ ಕಾರಣ ಗೊತ್ತಿದ್ರೆ ಮಾತ್ರ ಜನ ನಾಲ್ಕು ದಿನ ಮಾಡಿ ಬಿಡಲ್ಲ.

ಶುರು ಮಾಡೋ ಮುಂಚೆ: ಬಾಯೊಳಗೆ ನಡೀತಿರೋದೇನು

ಸಂತೇಲಿ ಜಾತ್ರೇಲಿ ಹಲ್ಲಿಂದ ಹುಳ ತೆಗೀತೀವಿ ಅಂತ ಕಣ್ಣೆದುರೇ ತೆಗೆದು ತೋರ್ಸೋರು ಈಗ್ಲೂ ಸಿಗ್ತಾರೆ. ಹಲ್ಲೊಳಗೆ ಹುಳ ಇರಲ್ಲ. 1890ರಲ್ಲೇ ಬರ್ಲಿನ್‌ನಲ್ಲಿದ್ದ ಅಮೆರಿಕದ ದಂತವೈದ್ಯ ವಿಲ್ಲೋಬಿ ಮಿಲ್ಲರ್, ಬಾಯಿಯ ಬ್ಯಾಕ್ಟೀರಿಯಾ ನಾವು ತಿಂದ ಸಕ್ಕರೆ ಪಿಷ್ಟನ ಆಮ್ಲ ಮಾಡ್ತವೆ, ಆ ಆಮ್ಲ ಹಲ್ಲನ್ನ ಕರಗಿಸತ್ತೆ ಅಂತ ಪುಸ್ತಕಾನೇ ಬರೆದಿದ್ರು. 1924ರಲ್ಲಿ ಲಂಡನ್‌ನಲ್ಲಿ ಕಿಲಿಯನ್ ಕ್ಲಾರ್ಕ್ ಹುಳುಕು ಹಲ್ಲಿಂದ ಸ್ಟ್ರೆಪ್ಟೋಕಾಕಸ್ ಮ್ಯೂಟನ್ಸ್ ಅನ್ನೋ ಬ್ಯಾಕ್ಟೀರಿಯಾನ ಬೇರ್ಪಡಿಸಿದ್ರು. 1954ರಲ್ಲಿ ಒರ್ಲಾಂಡ್ ಮತ್ತವರ ಜೊತೆಗಾರರು ಒಂದೂ ಬ್ಯಾಕ್ಟೀರಿಯಾ ಇಲ್ದಂಗೆ ಸಾಕಿದ ಇಲಿಗಳಿಗೆ ಸಕ್ಕರೆ ತುಂಬಿದ ಆಹಾರ ಕೊಟ್ಟು ನೋಡಿದ್ರು, ಒಂದಕ್ಕೂ ಹುಳುಕು ಬರ್ಲಿಲ್ಲ. ಅಂದ್ರೆ ಬರೀ ಸಕ್ಕರೆ ಹಲ್ಲು ಹಾಳು ಮಾಡಲ್ಲ, ಅದನ್ನ ಆಮ್ಲ ಮಾಡೋಕೆ ಬ್ಯಾಕ್ಟೀರಿಯಾ ಬೇಕೇ ಬೇಕು.

ಹಲ್ಲುಜ್ಜಿ ಮುಗ್ಸಿದ ಕೆಲವೇ ನಿಮಿಷದಲ್ಲಿ ಎಂಜಲಿನ ಪ್ರೋಟೀನು ಹಲ್ಲಿನ ಮೇಲೆ ಕಣ್ಣಿಗೆ ಕಾಣದ ತೆಳು ಪೊರೆ ಹಾಸತ್ತೆ, ಅದು ಒಳ್ಳೇದೇ. ಆಮೇಲೆ ಅದಕ್ಕೆ ಮೊದಲ ಸಾಲಿನ ಬ್ಯಾಕ್ಟೀರಿಯಾ ಬಂದು ಅಂಟ್ಕೊಳ್ತವೆ, ಅವುಗಳಿಗೆ ಬೇರೆಯವು. ನಾವು ಸಕ್ಕರೆ ಅಥವಾ ಬೆಲ್ಲ ತಿಂದಾಗ ಮ್ಯೂಟನ್ಸ್ ಎರಡು ಕೆಲಸ ಮಾಡತ್ತೆ, ಒಂದು ಕಡೆ ಆಮ್ಲ, ಇನ್ನೊಂದು ಕಡೆ ಅದೇ ಸಕ್ಕರೆಯಿಂದ ಗ್ಲೂಕಾನ್ ಅನ್ನೋ ಅಂಟು. ಆ ಅಂಟೇ ಇಡೀ ಗುಂಪನ್ನ ಹಿಡ್ದಿಟ್ಕೊಳ್ಳೋದು. ವಾರಗಟ್ಟಲೆ ತೊಳೀದೇ ಬಿಟ್ಟ ನೀರಿನ ಡ್ರಮ್ಮಿನ ಒಳಗೋಡೆಗೆ ಕೈ ಆಡ್ಸಿದ್ರೆ ಜಾರತ್ತಲ್ಲ, ಎಷ್ಟು ನೀರು ಹುಯ್ದು ಅಲ್ಲಾಡ್ಸಿದ್ರೂ ಹೋಗಲ್ಲ, ತೆಂಗಿನ ನಾರು ಹಾಕಿ ಉಜ್ಜಿದ್ರೇ ಹೋಗೋದು, ಅದೂ ಇದೇ ಜಾತಿಯ ಪದರ. ಬಾಯಿ ಮುಕ್ಕಳಿಸಿದ್ರೆ ಸಾಕು ಅನ್ನೋರಿಗೆ ನಾನು ಆ ಡ್ರಮ್ಮೇ ತೋರ್ಸೋದು.

ಪದರದ ಕೆಳಗೆ ಹಲ್ಲಿಗೆ ತಾಗಿದಂಗೆ ಆಮ್ಲ ಸಿಕ್ಕಾಕ್ಕೊಂಡಿರತ್ತೆ, ಎಂಜಲು ಅಲ್ಲಿಗೆ ಬೇಗ ಇಳಿಯೋಕಾಗಲ್ಲ. ಆಮ್ಲ ಎಷ್ಟಿದೆ ಅಂತ ಅಳೆಯೋದು ಪಿಎಚ್‌ನಲ್ಲಿ, ಅದು ಇಳಿದಷ್ಟೂ ಆಮ್ಲ ಜಾಸ್ತಿ. ಪಿಎಚ್ ಸುಮಾರು 5.5ಕ್ಕಿಂತ ಕೆಳಗೆ ಹೋದ್ರೆ ಎನಾಮಲ್, ಅಂದ್ರೆ ಹಲ್ಲಿನ ಹೊರಗಿನ ಗಟ್ಟಿ ಹೊದಿಕೆಯಿಂದ ಕ್ಯಾಲ್ಸಿಯಂ ಫಾಸ್ಫೇಟ್ ಕರಗಿ ಆಚೆ ಬರೋಕೆ ಶುರು. ಆಮ್ಲ ಕಡ್ಮೆಯಾದ್ರೆ ಎಂಜಲಲ್ಲಿರೋ ಖನಿಜ ವಾಪಸ್ ಸೇರತ್ತೆ. ಈ ಹೋಗೋದು ಬರೋದು ದಿನಾ ನಡೀತಾನೇ ಇರತ್ತೆ, ಹೋಗಿದ್ದು ಜಾಸ್ತಿ ಬಂದಿದ್ದು ಕಡ್ಮೆ ಅಂತ ತಿಂಗಳುಗಟ್ಟಲೆ ಆದ್ರೆ ಮೊದ್ಲು ಬಿಳಿ ಮಚ್ಚೆ, ಆಮೇಲೆ ತೂತು. ಬಿಳಿ ಮಚ್ಚೆ ಹಂತದಲ್ಲಿದ್ರೆ ಹಿಂದಕ್ಕೆ ತರ್ಬೋದು, ತೂತು ಬಿದ್ಮೇಲೆ ಯಾವ ಪೇಸ್ಟೂ ಅದನ್ನ ಮುಚ್ಚಲ್ಲ.

ಇನ್ನೊಂದು ಮಾತು. ಮೊದ್ಲು ಎಲ್ಲಾ ತಪ್ಪೂ ಮ್ಯೂಟನ್ಸ್ ಒಂದರ ಮೇಲೇ ಹಾಕ್ತಿದ್ರು. 1994ರಲ್ಲಿ ಬ್ರಿಟನ್ನಿನ ಫಿಲಿಪ್ ಮಾರ್ಷ್, ಒಂದೇ ಬ್ಯಾಕ್ಟೀರಿಯಾ ಹೊರಗಿಂದ ಬಂದು ಮಾಡೋ ರೋಗ ಅಲ್ಲ ಇದು, ಪದೇ ಪದೇ ಸಕ್ಕರೆ ಸಿಕ್ಕಿ ಬಾಯಿ ಆಮ್ಲೀಯ ಆದಾಗ ಆಮ್ಲ ತಡ್ಕೊಳ್ಳೋವು ಉಳ್ಕೊಂಡು ಬೆಳೀತವೆ, ಒಳ್ಳೇವು ಸಾಯ್ತವೆ ಅಂತ ವಾದ ಮಾಡಿದ್ರು, ಈಗ ಹೆಚ್ಚಿನವ್ರು ಒಪ್ಪೋದು ಅದನ್ನೇ. ಮನುಷ್ಯರ ಬಾಯಲ್ಲಿ 700ಕ್ಕೂ ಹೆಚ್ಚು ಜಾತಿ ಬ್ಯಾಕ್ಟೀರಿಯಾ ಗುರುತಿಸಿದಾರೆ. 2023ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ಮತ್ತು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವ್ರು 3ರಿಂದ 5 ವರ್ಷದ ಮಕ್ಕಳ ಪ್ಲಾಕ್ ಪರೀಕ್ಷೆ ಮಾಡಿ ಸೆಲೆನೋಮೊನಾಸ್ ಸ್ಪುಟಿಜೆನಾ ಅನ್ನೋದೂ ಇದ್ರಲ್ಲಿ ಪಾಲುದಾರ ಅಂತ ತೋರ್ಸಿದ್ರು. ಅದು ಅಲ್ಲಿವರ್ಗೂ ವಸಡಿನ ಕಾಯಿಲೆ ಜೊತೆ ಮಾತ್ರ ಹೆಸರು ಕೇಳಿಬರ್ತಿದ್ದ ಬ್ಯಾಕ್ಟೀರಿಯಾ. ತಾನಾಗೇ ಈಜ್ಕೊಂಡು ಹೋಗಿ ಮ್ಯೂಟನ್ಸ್ ಮಾಡಿದ ಅಂಟಲ್ಲಿ ಸಿಕ್ಕಾಕ್ಕೊಂಡು, ಅಲ್ಲೇ ಹೆಚ್ಚಾಗಿ, ಮ್ಯೂಟನ್ಸ್ ಸುತ್ತ ಗೋಡೆ ಕಟ್ಟತ್ತೆ, ಇಬ್ರೂ ಸೇರಿದ್ರೆ ಆಮ್ಲ ಇನ್ನೂ ಜಾಸ್ತಿ. ಹಂಗಾಗಿ ಒಂದು ಬ್ಯಾಕ್ಟೀರಿಯಾಗೆ ಒಂದು ಔಷಧಿ ಅಂತ ಕಾಯ್ಕೊಂಡು ಕೂರೋದ್ರಲ್ಲಿ ಅರ್ಥ ಇಲ್ಲ. ಗೋಡೆ ಒಡೆಯೋದು ನಮ್ಮ ಕೈಲಿದೆ, ಇವತ್ತೇ ಮಾಡ್ಬೋದು.

ಮೊದಲ್ನೇ ಹಂತ: ಪದರ ಎಲ್ಲಿದೆ ಅಂತ ಕಣ್ಣಾರೆ ನೋಡಿ

ರಾತ್ರಿ ಊಟ ಆದ್ಮೇಲೆ, ಉಜ್ಜೋ ಮುಂಚೆ ಮಾಡಿ. ಒಂದು ತುಂಡು ಹಸಿ ಬೀಟ್‌ರೂಟ್ ಚೆನ್ನಾಗಿ ಅಗಿದು ರಸನ ಬಾಯಿ ತುಂಬಾ ಒಂದು ನಿಮಿಷ ಆಡಿಸಿ ಉಗೀರಿ, ಒಂದೇ ಸಲ ನೀರು ಮುಕ್ಕಳಿಸಿ. ಈಗ ಮೊಬೈಲ್ ಟಾರ್ಚ್ ಹಾಕ್ಕೊಂಡು ಕನ್ನಡಿಲಿ ನೋಡಿ. ಶುಚಿಯಾಗಿರೋ ಹಲ್ಲಿನ ಮೇಲೆ ಬಣ್ಣ ನಿಲ್ಲಲ್ಲ, ಪದರ ಇರೋ ಕಡೆ ಗುಲಾಬಿ ಉಳ್ಕೊಳ್ಳತ್ತೆ. ಬೀಟ್‌ರೂಟ್ ಬಣ್ಣ ಸ್ವಲ್ಪ ತೆಳು, ಇನ್ನೂ ಸ್ಪಷ್ಟವಾಗಿ ಬೇಕು ಅಂದ್ರೆ ಹಲ್ಲಿನ ಡಾಕ್ಟರ್ ಹತ್ರ ಪ್ಲಾಕ್ ತೋರ್ಸೋ ಮಾತ್ರೆ ಅಥವಾ ದ್ರಾವಣ ಕೇಳಿ, ಅದರಲ್ಲಿ ಎರಿತ್ರೋಸಿನ್ ಅನ್ನೋ ಕೆಂಪು ಬಣ್ಣ ಇರತ್ತೆ, ತುಂಬಾ ಚೆನ್ನಾಗಿ ಕಾಣತ್ತೆ. ಹಳೇ ಬಟ್ಟೆ ಹಾಕ್ಕೊಂಡು ಮಾಡಿ.

ಬಣ್ಣ ಏನೂ ಬೇಡ ಅನ್ನೋರು ಒಂದು ಒಣಗಿದ ತೆಳು ಬಟ್ಟೇಲಿ ಹಲ್ಲೊರೆಸಿ ವಸಡು ಸೇರೋ ಗೆರೇಲಿ ಉಗುರಿಂದ ಮೆಲ್ಲಗೆ ಎಳೀರಿ, ಬೆಳ್ಳಗೆ ಮೆತ್ತಗೆ ಏನೋ ಉಗುರಿಗೆ ಹತ್ತತ್ತೆ. ಅದು ಊಟದ ಅಗುಳಲ್ಲ, ಬಹುಪಾಲು ಬ್ಯಾಕ್ಟೀರಿಯಾ ಮತ್ತು ಅವು ಮಾಡಿದ ಅಂಟೇ. ಸಾಮಾನ್ಯವಾಗಿ ಬಣ್ಣ ನಿಲ್ಲೋ ಜಾಗ ಗುರುತು ಹಾಕ್ಕೊಳ್ಳಿ: ಕೆಳಗಿನ ದವಡೆ ಹಲ್ಲಿನ ನಾಲಿಗೆ ಕಡೆ, ಮೇಲಿನ ಕೊನೇ ಹಲ್ಲಿನ ಕೆನ್ನೆ ಕಡೆ, ವಸಡಿನ ಅಂಚು, ಎರಡು ಹಲ್ಲಿನ ನಡುವೆ, ದವಡೆ ಹಲ್ಲಿನ ಮೇಲಿನ ಗೆರೆಗಳೊಳಗೆ. ಬಲಗೈಲಿ ಉಜ್ಜೋರಿಗೆ ಬಲಗಡೇನೇ ಹೆಚ್ಚಾಗಿ ಉಳ್ದಿರೋದು ನಾನು ನಮ್ಮ ಮಕ್ಕಳಲ್ಲಿ ತುಂಬಾ ಸಲ ನೋಡಿದೀನಿ. ಮನೆಮಂದಿ ಎಲ್ಲಾ ಸೇರಿ ಮಾಡಿ, ಮಕ್ಕಳಿಗೆ ನೂರು ಸಲ ಉಜ್ಜು ಉಜ್ಜು ಅನ್ನೋದಕ್ಕಿಂತ ಇದು ಒಂದು ಸಲ ನಾಟತ್ತೆ.

ಎರಡ್ನೇ ಹಂತ: ದಿನಕ್ಕೆ ಎಷ್ಟು ಸಲ ಸಿಹಿ ಬಾಯಿಗೆ ಹೋಗತ್ತೆ ಅಂತ ಬರ್ಕೊಳ್ಳಿ

ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯವಾದ ಹಂತ, ಜನ ಕಡೆಗಣಿಸೋದೂ ಇದನ್ನೇ. ಎಷ್ಟು ಗ್ರಾಂ ಅಂತ ಬೇಡ, ಎಷ್ಟು ಸಲ ಅಂತ ಬರೀರಿ. ಒಂದು ಚೀಟಿ ಜೇಬಲ್ಲಿಟ್ಕೊಂಡು ಎರಡು ದಿನ, ಬೆಳಿಗ್ಗೆಯಿಂದ ಮಲಗೋವರ್ಗೂ, ಸಕ್ಕರೆ ಬೆಲ್ಲ ಇರೋದು ಏನೇ ಬಾಯಿಗೆ ಹೋದ್ರೂ ಒಂದು ಗೀಟು. ಕಾಫಿ ಟೀನೂ ಸೇರಿ, ಬಿಸ್ಕತ್ತೂ ಸೇರಿ, ಕೆಮ್ಮಿನ ಸಿರಪ್ಪೂ ಸೇರಿ.

ಯಾಕಂದ್ರೆ 1940ರ ದಶಕದಲ್ಲಿ ಅಮೆರಿಕದ ರಾಬರ್ಟ್ ಸ್ಟೀಫನ್ ಅನ್ನೋರು ಹಲ್ಲಿನ ಮೇಲಿನ ಪ್ಲಾಕ್‌ನಲ್ಲೇ ಪಿಎಚ್ ಅಳೆದು ತೋರ್ಸಿದ್ರು. ಗ್ಲೂಕೋಸ್ ನೀರು ಮುಕ್ಕಳಿಸಿದ ಕೆಲವೇ ನಿಮಿಷದಲ್ಲಿ ಪಿಎಚ್ ಜರ್ ಅಂತ ಇಳೀತು, ಮೇಲೆ ಬರೋಕೆ ಅರ್ಧ ಗಂಟೆಯಿಂದ ಒಂದು ಗಂಟೆ ಹಿಡೀತು. ಈಗ ಲೆಕ್ಕ ಹಾಕಿ. ಕೋಲಾರದ ಟೊಮೆಟೊ ಮಂಡಿಲಿ ಬೆಳಗಿನ ಜಾವದಿಂದ ಲೋಡ್ ಇಳ್ಸೋರು, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯೋ ಕಡೆ ಕೆಲಸ ಮಾಡೋರು, ಆಟೋ ಓಡ್ಸೋರು, ಅರ್ಧ ಲೋಟ ಟೀ ಅಂತ ದಿನಕ್ಕೆ ಎಂಟು ಒಂಬತ್ತು ಸಲ ಕುಡೀತಾರೆ. ಪ್ರತಿ ಸಲ ಅರ್ಧ ಗಂಟೆ ಅಂತ ಇಟ್ಕೊಂಡ್ರೂ ನಾಲ್ಕೂವರೆ ಗಂಟೆ ಹಲ್ಲು ಆಮ್ಲದಲ್ಲಿ. ಅಷ್ಟೇ ಸಕ್ಕರೆನ ಎರಡೇ ಸಲ ತಗೊಂಡಿದ್ರೆ ಒಂದು ಗಂಟೆಲಿ ಮುಗೀತಿತ್ತು.

ಒಂಬತ್ತು ಸಲ ಅನ್ನೋದನ್ನ ಸುಮ್ಮನೆ ಹೇಳಿಲ್ಲ. 1970ರಲ್ಲಿ ಫಾನ್ ಡೆರ್ ಫೆಹ್ರ್ ಮತ್ತವರ ಜೊತೆಗಾರರು ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಹಲ್ಲುಜ್ಜೋದು ನಿಲ್ಲಿಸಿ ದಿನಕ್ಕೆ 9 ಸಲ ಸಕ್ಕರೆ ನೀರು ಮುಕ್ಕಳಿಸಿದ್ರು, 23 ದಿನದಲ್ಲಿ ಹಲ್ಲಿನ ಮೇಲೆ ಹುಳುಕಿನ ಮೊದಲ ಲಕ್ಷಣ ಕಾಣ್ತು. ಆಮೇಲೆ ಸರಿಯಾಗಿ ಉಜ್ಜಿ ಫ್ಲೋರೈಡ್ ಬಳ್ಸಿದಾಗ ಅದು ಹಿಂದಕ್ಕೂ ಹೋಯ್ತು. ಕೆಡೋದೂ ಬೇಗ, ಸರಿಯಾಗೋಕೂ ದಾರಿ ಇದೆ.

ಇನ್ನೊಂದು ಅಧ್ಯಯನ ಇದೆ, ಹೇಳೋಕೆ ಮನಸ್ಸಿಗೆ ಕಷ್ಟ. 1945ರಿಂದ ಸ್ವೀಡನ್ನಿನ ವಿಪೆಹೋಲ್ಮ್ ಅನ್ನೋ ಬುದ್ಧಿಮಾಂದ್ಯರ ಸಂಸ್ಥೇಲಿ, ಒಪ್ಪಿಗೆ ಕೊಡೋ ಸ್ಥಿತೀಲೇ ಇಲ್ಲದ ಜನಕ್ಕೆ ಬೇಕಂತಲೇ ಹಲ್ಲಿಗೆ ಅಂಟೋ ಟಾಫಿ ತಿನ್ನಿಸಿ ನೋಡಿದ್ರು. ಊಟದ ಜೊತೆ ಸಿಹಿ ತಿಂದೋರಿಗಿಂತ ಊಟದ ಮಧ್ಯೆ ಮಧ್ಯೆ ಅಂಟು ಸಿಹಿ ತಿಂದೋರ ಹಲ್ಲು ತುಂಬಾ ಹೆಚ್ಚು ಹಾಳಾಯ್ತು. ಅಂಥ ಪ್ರಯೋಗ ಇವತ್ತು ಯಾರೂ ಮಾಡೋಹಾಗಿಲ್ಲ, ಮಾಡ್ಲೂಬಾರ್ದು. ಆ ಜನರ ಹಲ್ಲು ಕಳ್ದು ಸಿಕ್ಕ ತಿಳುವಳಿಕೆ ಇದು, ಅದನ್ನ ವ್ಯರ್ಥ ಮಾಡಬಾರ್ದು ಅನ್ನೋದು ನನ್ನ ಅನಿಸಿಕೆ.

ಚೀಟಿ ನೋಡ್ಕೊಂಡು ಹಿಂಗೆ ಬದಲಾಯ್ಸಿ. ಸಿಹಿ ತಿನ್ನೋದಿದ್ರೆ ಊಟದ ಜೊತೇಲೇ ತಿನ್ನಿ, ಹಬ್ಬದ ಒಬ್ಬಟ್ಟು ಎಲೆ ಮೇಲೇ ಮುಗೀಲಿ, ಡಬ್ಬಿಲಿಟ್ಟು ಹೋಗ್ತಾ ಬರ್ತಾ ಚೂರು ಮುರ್ಕೊಳ್ಳೋದು ಬೇಡ. ಟೀ ಬಿಡೋಕಾಗಲ್ಲ ಅಂದ್ರೆ ಎರಡು ಸಲದ್ದು ಸಕ್ಕರೆ ಹಾಕಿದ್ದು, ಮಿಕ್ಕಿದ್ದು ಸಕ್ಕರೆ ಇಲ್ದೇ. ಬೆಲ್ಲದ ಟೀ ಒಳ್ಳೇದು ಅಂತ ನಂಬ್ಕೊಂಡಿರೋರು ತುಂಬಾ ಜನ, ಬೆಲ್ಲದಲ್ಲೂ ಇರೋದು ಬಹುಪಾಲು ಸಕ್ಕರೆಯಲ್ಲಿರೋ ಅದೇ ಸುಕ್ರೋಸ್, ಮ್ಯೂಟನ್ಸ್‌ಗೆ ಎರಡೂ ಒಂದೇ. ಕಡಲೆಮಿಠಾಯಿ ಬದ್ಲು ಬರೀ ಹುರಿದ ಕಡಲೆಕಾಯಿ ತಿನ್ನಿ, ಚಿಂತಾಮಣಿ ಕಡೆ ಅದಕ್ಕೇನು ಬರ, ಅಗಿದಷ್ಟೂ ಎಂಜಲು ಬರತ್ತೆ, ಎಂಜಲೇ ಆಮ್ಲ ಇಳ್ಸೋದು. ಮುದ್ದೆ, ಬಸ್ಸಾರು, ಸಪ್ಪೆ ಮಜ್ಜಿಗೆ ಇವುಗಳ ಬಗ್ಗೆ ಚಿಂತೆನೇ ಬೇಡ. ಬಿಸ್ಕತ್ತು ಮಾತ್ರ ಮೋಸ ಮಾಡತ್ತೆ, ಸಿಹಿ ಕಡ್ಮೆ ಅನ್ಸಿದ್ರೂ ಹಿಟ್ಟು ಸಕ್ಕರೆ ಎರಡೂ ದವಡೆ ಹಲ್ಲಿನ ಗೆರೇಲಿ ಮೆತ್ಕೊಂಡು ಕೂತ್ಕೊಳ್ಳತ್ತೆ. ಸ್ಕೂಲಲ್ಲಿ ಕೊಡೋ ಹಾಲು, ರಾಗಿ ಮಾಲ್ಟ್ ಮಕ್ಕಳಿಗೆ ಬೇಕು, ನಿಲ್ಲಿಸ್ಬೇಡಿ, ಕುಡಿದ್ಮೇಲೆ ಎರಡು ಗುಟುಕು ನೀರು ಬಾಯಲ್ಲಾಡ್ಸೋದು ಹೇಳ್ಕೊಡಿ ಸಾಕು.

ಬಿಪಿ, ಅಲರ್ಜಿ, ಖಿನ್ನತೆಗೆ ಕೊಡೋ ಕೆಲವು ಮಾತ್ರೆಗಳು ಎಂಜಲು ಕಡ್ಮೆ ಮಾಡ್ತವೆ, ಬಾಯಿ ಒಣಗತ್ತೆ, ಅಂಥೋರಿಗೆ ಹುಳುಕು ಬೇಗ. ಮಾತ್ರೆ ನೀವಾಗೇ ನಿಲ್ಲಿಸ್ಬೇಡಿ, ಡಾಕ್ಟ್ರಿಗೆ ಹೇಳಿ, ಪದೇ ಪದೇ ನೀರು ಕುಡೀತಿರಿ. ವಯಸ್ಸಾದೋರಲ್ಲಿ ವಸಡು ಕೆಳಗೆ ಜಾರಿ ಹಲ್ಲಿನ ಬೇರು ಕಾಣ್ತಿದ್ರೂ ಅಷ್ಟೇ, ಬೇರಿಗೆ ಎನಾಮಲ್ ಇಲ್ಲ, ಪಿಎಚ್ 6ರ ಮೇಲಿದ್ದಾಗ್ಲೇ ಕರಗೋಕೆ ಶುರುವಾಗತ್ತೆ.

ಮೂರ್ನೇ ಹಂತ: ರಾತ್ರಿ ಉಜ್ಜೋದು, ಅದೂ ವಸಡಿನ ಗೆರೇಲಿ

ನಮ್ಮ ಕಡೆ ಬೆಳಿಗ್ಗೆ ಎದ್ದು ಉಜ್ಜದೇ ಕಾಫಿ ಕುಡಿಯೋರು ಕಡ್ಮೆ, ರಾತ್ರಿ ಉಜ್ಜೋರು ಇನ್ನೂ ಕಡ್ಮೆ. ನಿದ್ದೇಲಿ ಎಂಜಲು ತುಂಬಾ ಕಡ್ಮೆ ಬರತ್ತೆ, ರಾತ್ರಿ ಉಳ್ಸ್ಕೊಂಡ ಪದರಕ್ಕೆ ಆರೇಳು ಗಂಟೆ ಯಾರ ಅಡ್ಡೀನೂ ಇಲ್ಲ. ಎರಡರಲ್ಲಿ ಒಂದೇ ಸಲ ಆಗೋದು ಅಂದ್ರೆ ನಾನು ರಾತ್ರಿನೇ ಆರಿಸ್ಕೊಳ್ಳಿ ಅಂತೀನಿ. ಎರಡು ಸಲ ಮಾಡಿದ್ರೆ ಇನ್ನೂ ಒಳ್ಳೇದು.

ಬ್ರಶ್ಶು ಸಾಫ್ಟ್ ಇರ್ಲಿ, ತಲೆ ಚಿಕ್ಕದಿರ್ಲಿ. ಹಲ್ಲು ಮತ್ತು ವಸಡು ಸೇರೋ ಗೆರೆ ಕಡೆಗೆ ಓರೆಯಾಗಿ, ಸುಮಾರು 45 ಡಿಗ್ರಿ, ಹಿಡ್ಕೊಳ್ಳಿ. ಅಲ್ಲೇ ಸಣ್ಣದಾಗಿ ಹಿಂದೆ ಮುಂದೆ ಅಲುಗಿಸಿ, ಎರಡೆರಡು ಹಲ್ಲಿಗೆ ಹತ್ತು ಸಲದಷ್ಟು, ಆಮೇಲೆ ಮುಂದಿನ ಎರಡಕ್ಕೆ ಹೋಗಿ. ಗರಗರ ಅಂತ ಅಡ್ಡಡ್ಡ ಎಳೆದ್ರೆ ಗೆರೇಲಿರೋದು ಹಂಗೇ ಉಳ್ದು ವಸಡು ಸವೆಯತ್ತೆ ಅಷ್ಟೇ. ಕ್ರಮ ಒಂದೇ ಇಟ್ಕೊಳ್ಳಿ, ಮೊದ್ಲು ಎಲ್ಲಾ ಒಳಗಡೆ, ಯಾಕಂದ್ರೆ ಜನ ಬಿಡೋದು ಅದನ್ನೇ, ಆಮೇಲೆ ಹೊರಗಡೆ, ಕೊನೇಗೆ ಅಗಿಯೋ ಮೇಲ್ಭಾಗ. ಎರಡು ನಿಮಿಷ ಹಿಡಿಯತ್ತೆ. ಬೀಟ್‌ರೂಟ್ ಬಣ್ಣ ಎಲ್ಲಿ ನಿಂತಿತ್ತೋ ಅಲ್ಲಿಗೆ ಒಂದು ಸುತ್ತು ಜಾಸ್ತಿ. ಉಜ್ಜಿ ನೊರೆ ಉಗೀರಿ, ಆದ್ರೆ ನೀರು ಹಾಕಿ ಗಳಗಳ ಅಂತ ಮುಕ್ಕಳಿಸ್ಬೇಡಿ, ಪೇಸ್ಟಿನ ಫ್ಲೋರೈಡ್ ಸ್ವಲ್ಪ ಹಲ್ಲ ಮೇಲೆ ಉಳೀಬೇಕು. ಮೊದ್ಲು ನಾಲ್ಕು ದಿನ ಒಂಥರಾ ಅನ್ಸತ್ತೆ, ಆಮೇಲೆ ರೂಢಿ ಆಗತ್ತೆ. ಅದಾದ್ಮೇಲೆ ಬೆಳಗಿನವರ್ಗೂ ನೀರು ಬಿಟ್ಟು ಏನೂ ಬೇಡ, ಹಾಲು ಕುಡಿಯೋ ಅಭ್ಯಾಸ ಇದ್ರೆ ಉಜ್ಜೋ ಮುಂಚೆ ಕುಡೀರಿ.

ಹುಣಸೆ, ನಿಂಬೆ ಪಾನಕ ಥರದ ಹುಳಿ ತಿಂದ ತಕ್ಷಣ ಉಜ್ಜಬೇಡಿ, ಅರ್ಧ ಗಂಟೆ ಬಿಡಿ.

ಉಜ್ಜೋವಾಗ ರಕ್ತ ಬರತ್ತೆ ಅಂತ ಆ ಜಾಗ ಬಿಟ್ಬಿಡ್ತಾರೆ. ಆಗ್ಬೇಕಾದ್ದು ಉಲ್ಟಾ. 1965ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹೆರಾಲ್ಡ್ ಲೋ ಮತ್ತವರ ತಂಡ ಆರೋಗ್ಯವಾಗಿದ್ದ ವಿದ್ಯಾರ್ಥಿಗಳಿಗೆ ಹಲ್ಲುಜ್ಜೋದು ನಿಲ್ಲಿಸೋಕೆ ಹೇಳಿದ್ರು, ಮೂರು ವಾರದೊಳಗೆ ಎಲ್ರ ವಸಡೂ ಊದ್ಕೊಳ್ತು, ಮತ್ತೆ ಉಜ್ಜೋಕೆ ಶುರು ಮಾಡಿದ್ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯ್ತು. ಹಂಗಾಗಿ ರಕ್ತ ಬರೋ ಕಡೆ ಮೆತ್ತಗೆ, ಆದ್ರೆ ತಪ್ಪದೇ ಉಜ್ಜಿ. ಎರಡು ವಾರ ಆದ್ರೂ ನಿಲ್ಲದಿದ್ರೆ ತೋರ್ಸಿ.

ಬೇವಿನ ಕಡ್ಡಿ, ಹೊಂಗೆ ಕಡ್ಡಿ ಬಗ್ಗೆ ಕೇಳ್ತಾರೆ. ತುದಿ ಚೆನ್ನಾಗಿ ಜಗಿದು ನಾರು ಮಾಡ್ಕೊಂಡ್ರೆ ಹೊರಗಿನ ಭಾಗ ಕ್ಲೀನ್ ಆಗತ್ತೆ, ನಿಜ, ನಮ್ಮ ಹಿರಿಯರು ಅದರಲ್ಲೇ ಹಲ್ಲು ಉಳ್ಸ್ಕೊಂಡೋರು. ಆದ್ರೆ ಅವ್ರು ದಿನಕ್ಕೆ ಹತ್ತು ಸಲ ಸಿಹಿ ಬಾಯಿಗೆ ಹಾಕ್ತಿರ್ಲಿಲ್ಲ, ಮತ್ತೆ ಒಳಗಡೆಗೆ, ಹಲ್ಲಿನ ಸಂದಿಗೆ ಕಡ್ಡಿ ತಲುಪಲ್ಲ. ಕಡ್ಡಿ ಬೇಕಿದ್ರೆ ಬೆಳಿಗ್ಗೆ ಇರ್ಲಿ, ರಾತ್ರಿ ಬ್ರಶ್ಶು. ಇದ್ದಿಲು, ಇಟ್ಟಿಗೆ ಪುಡಿ ಬೇಡ್ವೇ ಬೇಡ, ಎನಾಮಲ್ ಸವೆಯತ್ತೆ. ಹೊಗೆಸೊಪ್ಪು ಸೇರಿದ ಹಲ್ಲುಪುಡಿಯಂತೂ ಮನೆಯೊಳಗೇ ತರ್ಬೇಡಿ.

ಎರಡು ಹಲ್ಲಿನ ನಡುವೆ ಯಾವ ಬ್ರಶ್ಶೂ ಹೋಗಲ್ಲ, ದೊಡ್ಡೋರಲ್ಲಿ ತುಂಬಾ ಹುಳುಕು ಶುರುವಾಗೋದೇ ಅಲ್ಲಿ. ಮೆಡಿಕಲ್ ಸ್ಟೋರಲ್ಲಿ ಡೆಂಟಲ್ ಫ್ಲಾಸ್ ಸಿಗತ್ತೆ, ದಾರನ ಒಂದೊಂದು ಸಂದಿಗೂ ಮೆಲ್ಲಗೆ ಇಳ್ಸಿ ಹಲ್ಲಿನ ಮೈಗೆ ಒತ್ತಿ ಮೇಲೆ ಕೆಳಗೆ ಎಳೀರಿ. ಸಂದಿ ದೊಡ್ಡದಿದ್ರೆ ಅದಕ್ಕೇ ಅಂತ ಸಣ್ಣ ಬ್ರಶ್ಶೂ ಬರತ್ತೆ. ಪೊರಕೆ ಕಡ್ಡಿ, ಪಿನ್ನು ಚುಚ್ಚೋ ಅಭ್ಯಾಸ ದಯವಿಟ್ಟು ಬಿಡಿ.

ನಾಲ್ಕನೇ ಹಂತ: ಪೇಸ್ಟು ಮತ್ತು ಕುಡಿಯೋ ನೀರು, ಎರಡನ್ನೂ ಬೇರೆ ಬೇರೆ ಲೆಕ್ಕ ಮಾಡಿ

ನಮ್ಮ ಜಿಲ್ಲೆಗಳಲ್ಲಿ ಇದನ್ನ ಬಿಡ್ಸಿ ಹೇಳ್ಲೇಬೇಕು. ಬಾಗೇಪಲ್ಲಿ, ಗುಡಿಬಂಡೆ, ಪಾವಗಡ ಕಡೆ ಫ್ಲೋರೈಡ್ ಅಂದ್ರೇ ಜನಕ್ಕೆ ಭಯ, ಅದು ನ್ಯಾಯವಾದ ಭಯ, ಮೂಳೆ ಬಗ್ಗಿದೋರನ್ನ, ಹಲ್ಲು ಕಂದಾಗಿರೋ ಮಕ್ಕಳನ್ನ ಕಣ್ಣಾರೆ ಕಂಡಿದಾರೆ. ಅದಕ್ಕೇ ಪೇಸ್ಟಲ್ಲೂ ಫ್ಲೋರೈಡ್ ಬೇಡ ಅಂತಾರೆ.

ಹಲ್ಲಿಗೆ ಫ್ಲೋರೈಡ್ ಕಲೆ ಬರೋದು ಹಲ್ಲು ದವಡೆಯೊಳಗೆ ತಯಾರಾಗ್ತಿರೋ ವಯಸ್ಸಲ್ಲಿ, ಸುಮಾರು ಎಂಟು ವರ್ಷದವರ್ಗೂ, ನುಂಗಿ ರಕ್ತಕ್ಕೆ ಸೇರಿದ ಫ್ಲೋರೈಡ್‌ನಿಂದ. ಹುಳುಕು ತಡೆಯೋದು ಹಲ್ಲಿನ ಮೇಲ್ಮೈಗೆ ತಾಗೋ ಫ್ಲೋರೈಡ್, ಅದನ್ನ ನುಂಗೋ ಅಗತ್ಯಾನೇ ಇಲ್ಲ. ಆಮ್ಲದಲ್ಲಿ ಕಳ್ಕೊಂಡ ಖನಿಜ ವಾಪಸ್ ಕೂರೋದಕ್ಕೆ ಅದು ನೆರವಾಗತ್ತೆ, ಹಂಗೆ ಕೂತ ಮೇಲ್ಮೈ ಆಮ್ಲಕ್ಕೆ ಇನ್ನೂ ಗಟ್ಟಿ. ಲೆಕ್ಕ ನೋಡಿ: ನೀರಲ್ಲಿ ಲೀಟರಿಗೆ 2 ಮಿಲಿಗ್ರಾಂ ಇದ್ರೆ ಒಂದು ಲೀಟರ್ ಕುಡಿದ ಮಗುವಿನ ಹೊಟ್ಟೆಗೆ 2 ಮಿಲಿಗ್ರಾಂ ಹೋಯ್ತು. 1000 ಪಿಪಿಎಂ ಪೇಸ್ಟ್ ಅಂದ್ರೆ ಒಂದು ಗ್ರಾಂ ಪೇಸ್ಟಲ್ಲಿ 1 ಮಿಲಿಗ್ರಾಂ ಫ್ಲೋರೈಡ್, ಅದನ್ನ ಬಟಾಣಿ ಕಾಳಿನಷ್ಟು, ಅಂದ್ರೆ ಕಾಲು ಗ್ರಾಂ, ಪೂರ್ತಿ ನುಂಗಿದ್ರೂ ಕಾಲು ಮಿಲಿಗ್ರಾಂ. ಉಗುಳಿದ್ರೆ ಇನ್ನೂ ಕಡ್ಮೆ. ಹೆದರ್ಬೇಕಾದ್ದು ನೀರಿಗೆ.

ಮೊದ್ಲು ನೀರು ಪರೀಕ್ಷೆ ಮಾಡ್ಸಿ. ಪಂಚಾಯ್ತಿಲಿ ಕೇಳಿ, ಜಿಲ್ಲೇಲಿ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಲ್ಯಾಬಿಗೆ ಸ್ಯಾಂಪಲ್ ಕೊಡ್ಬೋದು. ಭಾರತದ ಮಾನದಂಡದಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ರೆ ಒಳ್ಳೇದು, ಬೇರೆ ನೀರೇ ಇಲ್ಲದಿದ್ರೆ 1.5ರವರ್ಗೂ ಒಪ್ಪಿಗೆ. ಹೆಚ್ಚಿದ್ರೆ ಕುಡಿಯೋಕೂ ಅಡುಗೆಗೂ ಊರಿನ ಶುದ್ಧ ನೀರಿನ ಘಟಕದ ಆರ್‌ಓ ನೀರು ತನ್ನಿ, ಅಡುಗೇಲೂ ಫ್ಲೋರೈಡ್ ಹೊಟ್ಟೆಗೆ ಹೋಗತ್ತೆ ಅನ್ನೋದು ಜನ ಮರೀತಾರೆ. ಕುದ್ಸಿದ್ರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಇನ್ನೂ ಗಾಢ ಆಗತ್ತೆ. ಆರ್‌ಓ ನೀರು ಕುಡಿಯೋಕೆ ಶುರು ಮಾಡಿದ್ಮೇಲೆ ನೀರಿಂದ ಬರ್ತಿದ್ದ ಫ್ಲೋರೈಡೂ ಹೋಯ್ತಲ್ಲ, ಆಗ ಪೇಸ್ಟಿಂದು ಇನ್ನೂ ಮುಖ್ಯ.

ಪೇಸ್ಟಿನ ಡಬ್ಬದ ಮೇಲೆ ಎಷ್ಟು ಪಿಪಿಎಂ ಅಂತ ಓದಿ, ದೊಡ್ಡೋರಿಗೆ 1000ದ ಹತ್ರ ಇರ್ಲಿ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು, ಮೂರರಿಂದ ಆರಕ್ಕೆ ಬಟಾಣಿಯಷ್ಟು, ಟಿವಿ ಜಾಹೀರಾತಲ್ಲಿ ಬ್ರಶ್ಶಿನುದ್ದಕ್ಕೂ ಹಾಕ್ತಾರಲ್ಲ ಅಷ್ಟು ಯಾರಿಗೂ ಬೇಡ. ಆರು ವರ್ಷದೊಳಗಿನ ಮಗು ಇನ್ನೂ ಬೋರ್ ನೀರೇ ಕುಡೀತಿದ್ರೆ, ಆ ನೀರಲ್ಲಿ ಫ್ಲೋರೈಡ್ ಜಾಸ್ತಿ ಇದ್ರೆ, ಯಾವ ಪೇಸ್ಟ್ ಅಂತ ಹಲ್ಲಿನ ಡಾಕ್ಟರ್ ಹತ್ರ ಕೇಳಿ ತೀರ್ಮಾನ ಮಾಡಿ.

ಹಲ್ಲಲ್ಲಿ ಕಂದು ಕಲೆ ಇದ್ರೆ ಹುಳುಕು ಬರಲ್ಲ ಅನ್ನೋ ನಂಬಿಕೆಗೂ ಒಂದು ಹಿನ್ನೆಲೆ ಇದೆ. 1901ರಿಂದ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ ಫ್ರೆಡ್ರಿಕ್ ಮೆಕ್ಕೇ ಅನ್ನೋ ದಂತವೈದ್ಯ ಇಂಥದ್ದೇ ಕಂದು ಹಲ್ಲು ನೋಡಿ, ಅವುಗಳಲ್ಲಿ ಹುಳುಕು ಕಡ್ಮೆ ಅಂತ ಗಮನಿಸಿದ್ರು, 1931ರಲ್ಲಿ ಕಾರಣ ನೀರಿನ ಫ್ಲೋರೈಡ್ ಅಂತ ಗೊತ್ತಾಯ್ತು. ಆದ್ರೆ ಕಲೆ ಜಾಸ್ತಿಯಾಗಿ ಎನಾಮಲ್ ಗುಳಿ ಬಿದ್ದಿದ್ರೆ ಆ ಗುಳೀಲೇ ಪದರ ಕೂರತ್ತೆ, ಅಂಥ ಹಲ್ಲೂ ಹುಳುಕಾಗತ್ತೆ.

ಐದನೇ ಹಂತ: ಮನೇಲಿ ಚಿಕ್ಕ ಮಕ್ಕಳಿದ್ರೆ

ಹುಟ್ಟಿದ ಮಗುವಿನ ಬಾಯಲ್ಲಿ ಮ್ಯೂಟನ್ಸ್ ಇರಲ್ಲ, ಮನೆಯೋರಿಂದ ಬರತ್ತೆ. 1993ರಲ್ಲಿ ಅಮೆರಿಕದ ಪೇಜ್ ಕಾಫೀಲ್ಡ್ ತಂಡ 19ರಿಂದ 31 ತಿಂಗಳ ನಡುವೆ ಅದು ಹೆಚ್ಚಾಗಿ ನೆಲೆಯೂರತ್ತೆ ಅಂತ ಹೇಳಿತ್ತು. ಇದನ್ನ ಓದಿ ತಾಯಿನ ದೂರೋದು ಬೇಡ, ಅಜ್ಜಿ, ಅಪ್ಪ, ಅಕ್ಕ ಯಾರಿಂದಾದ್ರೂ ಬರ್ಬೋದು. ಮಾಡ್ಬೇಕಾದ್ದು, ಮಗುವಿಗೆ ಉಣ್ಸೋರ ಬಾಯಿಯ ಹುಳುಕು ಮೊದ್ಲು ಸರಿ ಮಾಡ್ಸೋದು, ಬಾಯಲ್ಲಿಟ್ಟ ಚಮಚ ಮಗುವಿಗೆ ಕೊಡದೇ ಇರೋದು.

ಸಕ್ಕರೆ ಹಾಕಿದ ಹಾಲಿನ ಬಾಟ್ಲಿ ಬಾಯಲ್ಲಿಟ್ಟು ಮಲಗ್ಸೋದು, ಜೇನು ಹಚ್ಚಿದ ನಿಪ್ಪಲ್, ಇವೆರಡು ಮೇಲಿನ ಮುಂದಿನ ಹಲ್ಲುಗಳನ್ನ ತಿಂದೇ ಹಾಕ್ತವೆ. ಎದೆಹಾಲು ನಿಲ್ಸಿ ಅಂತ ನಾನು ಹೇಳ್ತಿಲ್ಲ, ಹಲ್ಲು ಬಂದ್ಮೇಲೆ ರಾತ್ರಿ ಒಂದು ಸಲ ಉಜ್ಜಿಬಿಡಿ. ಮಗುವಿನ ತಲೆ ನಿಮ್ಮ ತೊಡೆ ಮೇಲಿಟ್ಕೊಂಡ್ರೆ ಒಳಗಡೆ ಚೆನ್ನಾಗಿ ಕಾಣತ್ತೆ. ಏಳೆಂಟು ವರ್ಷದವರ್ಗೂ ಕೊನೇ ಸುತ್ತು ನೀವೇ ಉಜ್ಜಬೇಕು, ಅಲ್ಲಿವರ್ಗೂ ಅವರ ಕೈಗೆ ಅಷ್ಟು ಹಿಡಿತ ಇರಲ್ಲ.

ತಿಂಗಳಿಗೊಮ್ಮೆ ಮೇಲ್ತುಟಿ ಎತ್ತಿ ನೋಡಿ. ವಸಡಿನ ಪಕ್ಕ ಮಂಕಾದ ಬಿಳಿ ಗೆರೆ ಕಂಡ್ರೆ ಅದು ಹುಳುಕಿನ ಶುರು, ಆಗ್ಲೇ ಹೋದ್ರೆ ಡಾಕ್ಟ್ರು ಫ್ಲೋರೈಡ್ ವಾರ್ನಿಶ್ ಹಚ್ಚಿ ನಿಲ್ಲಿಸ್ಬೋದು. ಹಾಲು ಹಲ್ಲು ಹೆಂಗೂ ಬಿದ್ದೋಗತ್ತೆ ಅಂತ ಬಿಡಬೇಡಿ, ಹಿಂದಿನ ಹಾಲು ಹಲ್ಲು ಹತ್ತು ಹನ್ನೊಂದು ವರ್ಷದವರ್ಗೂ ಇರ್ಬೇಕಾದ್ದು. ಮತ್ತೆ ಆರನೇ ವರ್ಷದ ಹತ್ರ ಎಲ್ಲಾ ಹಾಲು ಹಲ್ಲಿನ ಹಿಂದೆ ಒಂದೊಂದು ದೊಡ್ಡ ಹಲ್ಲು ಬರತ್ತೆ, ಯಾವ ಹಲ್ಲೂ ಬೀಳದೇ ಬರೋದ್ರಿಂದ ಅಪ್ಪ ಅಮ್ಮ ಅದನ್ನೂ ಹಾಲು ಹಲ್ಲು ಅಂದ್ಕೊಳ್ತಾರೆ. ಅದು ಜೀವನಪೂರ್ತಿ ಇರ್ಬೇಕಾದ ಹಲ್ಲು, ಅದರ ಆಳವಾದ ಗೆರೆಗಳಿಗೆ ಸೀಲೆಂಟ್, ಅಂದ್ರೆ ಗೆರೆ ಮುಚ್ಚೋ ತೆಳು ಲೇಪ, ಹಾಕ್ಸ್‌ಬೋದಾ ಅಂತ ಕೇಳಿ. ಶಾಲೆ, ಅಂಗನವಾಡಿಗೆ ಬರೋ ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ ಯೋಜನೆ) ತಂಡ ಮಕ್ಕಳ ಹಲ್ಲೂ ನೋಡತ್ತೆ, ಅವ್ರು ಚೀಟಿ ಕೊಟ್ರೆ ಬ್ಯಾಗಲ್ಲೇ ಬಿಡ್ಬೇಡಿ.

ಆರನೇ ಹಂತ: ದುಡ್ಡು ಎಲ್ಲಿ ಹಾಕ್ಬಾರ್ದು

1683ರಲ್ಲಿ ಹಾಲೆಂಡಿನ ಲೇವನ್‌ಹುಕ್ ತನ್ನ ಹಲ್ಲಿನ ಸಂದಿಯ ಬಿಳಿ ಹಿಟ್ಟನ್ನ ತಾನೇ ಮಾಡಿದ ಮಸೂರದಲ್ಲಿ ನೋಡಿ, ಓಡಾಡೋ ಸೂಕ್ಷ್ಮಜೀವಿಗಳ ಬಗ್ಗೆ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ್ರು. ಅವರು ವಿನೆಗರ್ ಹಾಕೀನೂ ನೋಡಿದ್ರು, ಹೊರಗಿದ್ದವು ಮಾತ್ರ ಸತ್ವು, ಪದರದ ಒಳಗಿದ್ದವು ಉಳ್ಕೊಂಡ್ವು. ಮೌತ್‌ವಾಶ್ ಕಥೆನೂ ಇದೇ. ಕ್ಲೋರ್‌ಹೆಕ್ಸಿಡಿನ್ ಇರೋ ಮೌತ್‌ವಾಶ್ ಒಳ್ಳೇ ಔಷಧಿನೇ, ಆದ್ರೆ ಡಾಕ್ಟ್ರು ಹೇಳಿದಷ್ಟು ದಿನಕ್ಕೆ, ಸುಮ್ಮನೆ ತಿಂಗಳುಗಟ್ಟಲೆ ಹಾಕಿದ್ರೆ ಹಲ್ಲು ಕಂದಾಗತ್ತೆ. ಹಲ್ಲುನೋವಿಗೆ ಮೆಡಿಕಲ್ ಸ್ಟೋರಲ್ಲಿ ಕೇಳಿ ಆಂಟಿಬಯಾಟಿಕ್ ತಗೊಳ್ಳೋದೂ ಪ್ರಯೋಜನ ಇಲ್ಲ, ತೂತು ಹಂಗೇ ಇರತ್ತೆ. ಲವಂಗದೆಣ್ಣೆ ನೋವು ಸ್ವಲ್ಪ ಹೊತ್ತು ಕಡ್ಮೆ ಮಾಡತ್ತೆ, ಕಾಯಿಲೆ ವಾಸಿ ಮಾಡಲ್ಲ. ಸಕ್ಕರೆ ಬದಲಿಗೆ ಬಳಸೋ ಕ್ಸೈಲಿಟಾಲ್ ಅನ್ನೋ ಸಿಹಿ ಇರೋ ಚ್ಯೂಯಿಂಗ್ ಗಮ್ ಸಿಕ್ಕಿದ್ರೆ ಊಟದ ನಂತರ ಅಗೀಬೋದು, ಅದನ್ನ ಮ್ಯೂಟನ್ಸ್ ಆಮ್ಲ ಮಾಡೋಕಾಗಲ್ಲ. ಆದ್ರೆ ಬ್ರಶ್ಶಿನ ಬದಲಿಗಲ್ಲ.

ಏಳನೇ ಹಂತ: ಡಾಕ್ಟರ್ ಹತ್ರ ಯಾವಾಗ, ಎಲ್ಲಿ

ನೋವು ಬರೋವರ್ಗೂ ಕಾಯ್ಬೇಡಿ, ನೋವು ಬಂತು ಅಂದ್ರೆ ಹುಳುಕು ನರದ ಹತ್ರ ಹೋಗಿದೆ ಅಂತಾನೇ ಬಹಳ ಸಲ. ತಣ್ಣೀರು ಕುಡಿದ್ರೆ ಜುಂ ಅನ್ನೋದು, ಒಂದೇ ಕಡೆ ಊಟ ಸಿಕ್ಕಾಕ್ಕೊಳ್ಳೋದು, ಕಪ್ಪು ಗೆರೆ, ಇಷ್ಟು ಕಂಡ್ರೆ ಸಾಕು, ಹೋಗಿ. ತಾಲ್ಲೂಕು ಆಸ್ಪತ್ರೇಲಿ ಹಲ್ಲಿನ ಡಾಕ್ಟ್ರು ಇದಾರಾ, ಯಾವ ದಿನ ಅಂತ ಕೇಳ್ಕೊಳ್ಳಿ. ಕೆಜಿಎಫ್‌ನಲ್ಲೂ ತುಮಕೂರಲ್ಲೂ ಡೆಂಟಲ್ ಕಾಲೇಜಿದೆ, ಅಲ್ಲಿ ಪ್ರಾಧ್ಯಾಪಕರ ಉಸ್ತುವಾರೀಲಿ ವಿದ್ಯಾರ್ಥಿಗಳು ನೋಡ್ತಾರೆ, ಹೊತ್ತು ಸ್ವಲ್ಪ ಹಿಡಿದ್ರೂ ಖರ್ಚು ಸಾಮಾನ್ಯವಾಗಿ ಕಡ್ಮೆ.

ಕುರ್ಚೀಲಿ ಕೂರೋಕೆ ಒಪ್ಪದ ಪುಟ್ಟ ಮಕ್ಕಳ ಹಾಲು ಹಲ್ಲಿಗೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಅಂತ ಒಂದು ದ್ರಾವಣ ಇದೆ, ಹಚ್ಚೋದಷ್ಟೇ, ಕೊರೆಯೋದಿಲ್ಲ, ಹುಳುಕು ಅಲ್ಲೇ ನಿಲ್ಲೋ ಸಾಧ್ಯತೆ ಚೆನ್ನಾಗಿದೆ. ಹುಳುಕಿನ ಜಾಗ ಕಪ್ಪಾಗತ್ತೆ, ಅದನ್ನ ಮೊದ್ಲೇ ತಿಳ್ಕೊಂಡು ಒಪ್ಪಿ, ಆಮೇಲೆ ಗಾಬರಿ ಬೇಡ.

ವಾರಗಟ್ಟಲೆ ಇದ್ದ ನೋವು ತಾನಾಗೇ ನಿಂತುಹೋದ್ರೆ ವಾಸಿಯಾಯ್ತು ಅಂದ್ಕೊಳ್ಬೇಡಿ, ನರ ಸತ್ತಿರ್ಬೋದು, ಸೋಂಕು ಬೇರಿನ ತುದಿಗೆ ಇಳ್ದಿರ್ಬೋದು. ಕೆನ್ನೆ ಅಥವಾ ದವಡೆ ಕೆಳಗೆ ಊದ್ಕೊಂಡು ಜ್ವರ ಬಂದ್ರೆ, ಬಾಯಿ ತೆರೆಯೋಕೆ, ನುಂಗೋಕೆ, ಉಸಿರಾಡೋಕೆ ಕಷ್ಟ ಆದ್ರೆ ಬೆಳಗಾಗ್ಲಿ ಅಂತ ಕಾಯದೇ ಆ ಕ್ಷಣಾನೇ ಜಿಲ್ಲಾಸ್ಪತ್ರೆಯ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ, ಶಾಖ ಕೊಡೋದು, ಊತ ಒತ್ತಿ ನೋಡೋದು ಏನೂ ಮಾಡ್ಬೇಡಿ.